ಡಬಲ್ ಹೊಲಿಗೆಯ ಕೋಟು ಮತ್ತು ರೈಲ್ವೆ ಗೇಟು

ಸಂಸತ್ತಿನ ಕಟ್ಟಕಡೆಯ ಸಾಲಿನ ಕೊನೆಯ ಕುರ್ಚಿಗೆ ಒಂದು ಅನುಕೂಲವಿದೆ. ಅಲ್ಲಿ ಕೂತವರ ಗೊಡವೆಗೆ ಯಾರೂ ಬರುವುದಿಲ್ಲ. ನಮ್ಮ ಸದಸ್ಯರು ಆ ಕುರ್ಚಿಯಲ್ಲಿ ನಾಲ್ಕು ವರ್ಷ ಕೂತಿದ್ದರು, ಮತ್ತು ದೇಶ ತಮ್ಮಿಂದಲೇ ನಡೆಯುತ್ತಿದೆ ಎಂಬ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಸದಸ್ಯರಾಗುವ ಮುಂಚೆ ಅವರು ಟೈಲರ್. ಊರಿನ ರೈಲ್ವೆ ಗೇಟಿಗೆ ಅಂಟಿಕೊಂಡಂತೆ ಅಂಗಡಿ. ಯಾವ ಹೊಲಿಗೆಯನ್ನೂ ಒಂದು ಸಲ ಹಾಕಿ ಬಿಟ್ಟವರಲ್ಲ. ಅದರ ಮೇಲೆ ಇನ್ನೊಂದು ಸಲ ಮಿಷನ್ ಓಡಿಸದೆ ಇದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಊರು ಅವರನ್ನು 'ಡಬಲ್ ಹೊಲಿಗೆ' ಎಂದು ಕರೆಯಿತು. ಅವರು ಹೊಲಿದ ಪ್ಯಾಂಟಿನ ಬಟ್ಟೆ ಹರಿಯುತ್ತಿತ್ತೇ ಹೊರತು ಹೊಲಿಗೆ ಬಿಡುತ್ತಿರಲಿಲ್ಲ. ತನ್ನದೊಂದು ಪ್ಯಾಂಟು ಪೂರ್ತಿ ಸವೆದುಹೋಗಿ ಬರೀ ಹೊಲಿಗೆ ಮಾತ್ರ ಗೂಟಕ್ಕೆ ನೇತಾಡುತ್ತಿದೆ ಎಂದು ಎದುರಿನ ಕಟಿಂಗ್ ಶಾಪಿನವನು ಹೇಳುತ್ತಿದ್ದ. ಅವನ ಮಾತಿನಲ್ಲಿ ಅರ್ಧ ಕಳೆದರೂ ಉಳಿದರ್ಧ ನಿಜ.

ಇಂಥವರು ಸಂಸತ್ತಿಗೆ ಹೇಗೆ ಹೋದರು ಎಂದು ಕೇಳಬಹುದು. ಪಕ್ಷದಲ್ಲಿ ಟಿಕೆಟ್ಟಿಗಾಗಿ ಇಬ್ಬರು ದೊಡ್ಡವರು ಜುಟ್ಟು ಜುಟ್ಟು ಹಿಡಿದುಕೊಂಡರು. ಕಿತ್ತಾಟ ಬಿಡಿಸಲು ಯಾರಿಗೂ ಬೇಡವಾಗದ ಮೂರನೆಯವರೊಬ್ಬರು ಬೇಕಾಯಿತು. ಊರಿನ ಅಷ್ಟೂ ಮತದಾರರ ಸೊಂಟದ ಸುತ್ತಳತೆ ಗೊತ್ತಿದ್ದೂ ಒಬ್ಬರದನ್ನು ಇನ್ನೊಬ್ಬರಿಗೆ ಹೇಳದ ಮನುಷ್ಯ ಇವರೊಬ್ಬರೇ. ಜನ ನಂಬಿದರು, ಮತ ಹಾಕಿದರು.

ಇನ್ನು ಆ ಗೇಟು. ದಿನಕ್ಕೆ ಹದಿನಾಲ್ಕು ಸಲ ಬೀಳುತ್ತಿತ್ತು, ಬಿದ್ದರೆ ಇಪ್ಪತ್ತು ನಿಮಿಷಕ್ಕೆ ಕಡಿಮೆ ಏಳುತ್ತಿರಲಿಲ್ಲ. ಊರು ಗೇಟಿನ ಈಚೆ, ದೊಡ್ಡಾಸ್ಪತ್ರೆ ಆಚೆ. ಸದಸ್ಯರ ಅಕ್ಕ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸು. ಹೆರಿಗೆ ನೋವು ಬಂದವರನ್ನು ಆಂಬುಲೆನ್ಸಿನಲ್ಲಿ ಹತ್ತಿಸಿಕೊಂಡು ಹೊರಟ ಅಕ್ಕ, ಮೂರು ಸಲ ಆಸ್ಪತ್ರೆ ಮುಟ್ಟದೆ ಗೇಟಿನಲ್ಲೇ ಹೆರಿಗೆ ಮಾಡಿಸಿದ್ದಳು. ಆ ಮೂರು ಮಕ್ಕಳಿಗೆ ತಂದೆತಾಯಿ ಎಷ್ಟೇ ಚೆಂದದ ಹೆಸರಿಟ್ಟರೂ ಊರು ಕೇಳಲಿಲ್ಲ. ಯಾವ ರೈಲಿಗಾಗಿ ಗೇಟು ಬಿದ್ದಿತ್ತೋ ಅದೇ ಹೆಸರು: ಒಬ್ಬ ಪ್ಯಾಸೆಂಜರ್, ಒಬ್ಬಳು ಎಕ್ಸ್‌ಪ್ರೆಸ್, ಇನ್ನೊಬ್ಬ ಗೂಡ್ಸ್. ಶಾಲೆಯ ಹಾಜರಿಯಲ್ಲೂ ಮೇಷ್ಟ್ರು ಬಾಯಿತಪ್ಪಿ "ಗೂಡ್ಸ್" ಎಂದು ಕೂಗಿಬಿಡುತ್ತಿದ್ದರು, ಹುಡುಗ "ಬಂದೆ ಸಾರ್" ಎನ್ನುತ್ತಿದ್ದ.

ಊರಿಗೆ ಇದು ತಮಾಷೆ. ಅಕ್ಕನಿಗೆ ಅಲ್ಲ. ತಮ್ಮ ಗೆದ್ದ ದಿನವೇ ಅವಳು ಒಂದು ಹಾಳೆಯಲ್ಲಿ ಗೇಟಿನ ಕಥೆಯನ್ನೆಲ್ಲ ಬರೆದು ಅವನ ಕೈಗೆ ತುರುಕಿದ್ದಳು.

"ಮೂರು ಸಲ ದೇವರು ಕೈ ಹಿಡಿದ ಕಣೋ. ನಾಲ್ಕನೇ ಸಲವೂ ಹಿಡೀತಾನೆ ಅಂತ ನಾನು ಸಹಿ ಹಾಕಿ ಕೊಡೋಕಾಗಲ್ಲ. ನೀನು ಅಲ್ಲಿ ಎದ್ದು ನಿಂತು ಇದನ್ನ ಓದ್ಬೇಕು. ಹಳಿ ಕೆಳಗೆ ಒಂದು ಸೇತುವೆ ಆಗ್ಬೇಕು, ಅಷ್ಟೇ. ಓದೋವರೆಗೂ ನಮ್ಮನೆ ಬಾಗಿಲಿಗೆ ಬರಬೇಡ."

ಓದಲು ಅಡ್ಡ ಬಂದದ್ದು ಅವರ ಹೆಂಡತಿ. ಗಂಡ ರಾಜಧಾನಿಗೆ ಹೋದ ಮೇಲೆ ಅಂಗಡಿ ನಡೆಸುತ್ತಿದ್ದವಳು ಅವಳೇ, ಮತ್ತು ಆ ಅಂಗಡಿ ನಡೆಯುತ್ತಿದ್ದುದೇ ಗೇಟಿನಿಂದ. ಗೇಟು ಬಿದ್ದು ಇಪ್ಪತ್ತು ನಿಮಿಷ ಮಾಡಲು ಕೆಲಸವಿಲ್ಲದ ಜನ ಅಂಗಡಿ ಹೊಕ್ಕು, ಸುಮ್ಮನೆ ಯಾಕೆ ಎಂದು ಅಳತೆ ಕೊಟ್ಟು ಹೋಗುತ್ತಿದ್ದರು.

"ರೀ, ದೇಶದಲ್ಲಿ ಬೇರೆ ಸಮಸ್ಯೆ ಇಲ್ವಾ?" ಎಂದಿದ್ದಳು ಅವಳು. "ಯಾವುದು ಬೇಕಾದ್ರೂ ಎತ್ತಿ. ಗೇಟು ಮಾತ್ರ ಎತ್ತಬೇಡಿ."

ಹೀಗೆ ಹಾಳೆ ನಾಲ್ಕು ವರ್ಷ ಕೋಟಿನ ಒಳಜೇಬಿನಲ್ಲೇ ಕೂತಿತು. ಅಕ್ಕನ ಮನೆ ಬಾಗಿಲು ಮುಚ್ಚಿಯೇ ಇತ್ತು. ಈ ನಡುವೆ ಸದಸ್ಯರು ಮಾತಾಡಿದ್ದು ಒಂದೇ ಒಂದು ಸಲ, ಅದೂ ಪಕ್ಷದವರು ಬರೆದುಕೊಟ್ಟ ಚೀಟಿ ನೋಡಿಕೊಂಡು, ಆಳಸಮುದ್ರದ ಮೀನುಗಾರಿಕೆ ಎಂಬ ರಾಷ್ಟ್ರೀಯ ವಿಷಯದ ಮೇಲೆ. ಅವರ ಊರಿನಲ್ಲಿ ಸಮುದ್ರವಿರಲಿ, ನೆಟ್ಟಗೆ ಒಂದು ಹೊಂಡವೂ ಇರಲಿಲ್ಲ. ಆದರೂ ಅವರು ಭಾಷಣದ ಪ್ರತಿಗಳನ್ನು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದರು.

ಕೋಟಿನ ವಿಷಯ ಇಲ್ಲೇ ಹೇಳಿಬಿಡಬೇಕು. ಸಂಸತ್ತಿಗೆಂದೇ ಅವರು ಸ್ವಂತ ಕೈಯಿಂದ ಹೊಲಿದುಕೊಂಡ ಕಪ್ಪು ಕೋಟು ಅದು. ಎರಡು ಹೊಲಿಗೆಯಲ್ಲ, ಸದನದ ಘನತೆಗೆ ತಕ್ಕಂತೆ ಮೂರು. "ಈ ಕೋಟು ಹರಿದ ದಿನ ನಾನು ಕತ್ತರಿ ಹಿಡಿಯೋದು ಬಿಡ್ತೀನಿ" ಎಂದು ಪಕ್ಕದ ಕುರ್ಚಿಯವರಿಗೆ ಹೇಳಿದ್ದರು. ಪಕ್ಕದವರು ಹಿರಿಯ ಸದಸ್ಯರು, ಐದು ಸಲ ಗೆದ್ದವರು, ಐದು ಅವಧಿಯನ್ನೂ ನಿದ್ದೆಯಲ್ಲೇ ಕಳೆದವರು. ಅವರು ಆಗಲೂ ನಿದ್ದೆಯಲ್ಲೇ ಇದ್ದರು.

ಕೋಟು ಅಷ್ಟು ಗಟ್ಟಿಯಾದರೂ ಒಳಗಿನ ಅಂಗಿಯ ಸ್ಥಿತಿ ಬೇರೆ. ಊರಿಗೆಲ್ಲ ಹೊಲಿಯುವವರಿಗೆ ತಮಗೆ ಹೊಲಿದುಕೊಳ್ಳಲು ಪುರಸೊತ್ತೆಲ್ಲಿ? ಕಾಲರು, ಎದೆ, ತೋಳು ಬಿಳಿ ಬಟ್ಟೆಯಲ್ಲಿ ಲಕ್ಷಣವಾಗಿ ಮುಗಿದಿದ್ದವು. ಬೆನ್ನಿನ ಭಾಗಕ್ಕೆ ಬಟ್ಟೆ ಸಾಲದೆ, ಮಕ್ಕಳ ಕೋಣೆಯ ಪರದೆಗೆಂದು ತಂದು ಮಿಕ್ಕಿದ್ದ ತುಂಡು ಹಾಕಿದ್ದರು. ಅದರ ತುಂಬ ಹಳದಿ ಬಾತುಕೋಳಿಗಳು. ಕೋಟು ಮೇಲಿರುವಾಗ ಯಾರು ನೋಡುತ್ತಾರೆ?

ಆ ದಿನ ಬೆಳಿಗ್ಗೆ ಸದನ ಸೇರಿದಾಗ ಗಾಳಿಯಲ್ಲೇ ಒಂದು ಬಿಗಿ ಇತ್ತು. ಹನ್ನೆರಡು ಗಂಟೆಗೆ ಸರ್ಕಾರದ ದೊಡ್ಡ ಮಸೂದೆಯೊಂದು ಮತಕ್ಕೆ ಬರುವುದಿತ್ತು, ಸರ್ಕಾರಕ್ಕಿದ್ದದ್ದು ಒಂದೇ ಮತದ ಬಹುಮತ. ಮೊದಲಿಗೆ, ತೀರಿಕೊಂಡ ಮಾಜಿ ಸದಸ್ಯರೊಬ್ಬರಿಗಾಗಿ ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಂತರು. ನಿದ್ದೆಯ ಹಿರಿಯರು ಮಾತ್ರ ಕೂತೇ ಮೌನ ಆಚರಿಸಿದರು. ಆಮೇಲೆ ಎಲ್ಲರೂ ಕೂತರು.

ನಮ್ಮ ಸದಸ್ಯರೂ ಕೂರಲು ಹೋದರು. ಆಗಲಿಲ್ಲ.

ಅಲ್ಲಿನ ಕುರ್ಚಿಗಳು ಸಿನಿಮಾ ಥಿಯೇಟರಿನಲ್ಲಿರುವಂಥವು. ಎದ್ದ ಕೂಡಲೇ ಸ್ಪ್ರಿಂಗಿನಿಂದ ಮೇಲಕ್ಕೆ ಮಡಚಿಕೊಳ್ಳುತ್ತವೆ. ಹಾಗೆ ಮಡಚಿಕೊಳ್ಳುವಾಗ ಕೋಟಿನ ಹಿಂದಿನ ತುದಿಯನ್ನು ಸ್ಪ್ರಿಂಗು ಕಚ್ಚಿಕೊಂಡಿತ್ತು. ಕುರ್ಚಿ ಕೆಳಗೆ ಬಾರದು, ಕೋಟು ಬಿಡದು. ಸದಸ್ಯರು ಮೆಲ್ಲನೆ ಎಳೆದರು, ಜೋರಾಗಿ ಎಳೆದರು. ಬೇರೆ ಯಾರಾದರೂ ಹೊಲಿದ ಕೋಟಾಗಿದ್ದರೆ ಪರ್ರೆಂದು ಹರಿದು ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಕೋಟು ಬಿಚ್ಚೋಣವೆಂದರೆ ಬೆನ್ನ ತುಂಬ ಬಾತುಕೋಳಿ, ತಲೆಯ ಮೇಲೆ ದೇಶಕ್ಕೆಲ್ಲ ತೋರಿಸುವ ಕ್ಯಾಮರಾ.

ಹಿಂದಿನಿಂದ ಕೋಟು ಜಗ್ಗುತ್ತಿದ್ದುದರಿಂದ ಭುಜ ಹಿಂದಕ್ಕೆ ಹೋಗಿ ಎದೆ ತಾನಾಗಿ ಮುಂದೆ ಬಂದಿತ್ತು. ಒಂದು ಕೈಯಿಂದ ಬೆನ್ನ ಹಿಂದೆ ಸ್ಪ್ರಿಂಗು ತಡಕುತ್ತಿದ್ದರು, ಇನ್ನೊಂದನ್ನು ಮೇಜಿಗೆ ಊರಿದ್ದರು. ನೋಡುವವರಿಗೆ ಅದು ಯುದ್ಧಕ್ಕೆ ನಿಂತ ಸೇನಾಪತಿಯ ಭಂಗಿ.

ಸದನದ ನಿಯಮ ಸಣ್ಣದು. ಮಾತಾಡಬೇಕಾದವರು ಎದ್ದು ನಿಲ್ಲಬೇಕು. ಉತ್ತರದಿಂದ ತೃಪ್ತಿಯಾದರೆ ಕೂರಬೇಕು. ತೃಪ್ತಿಯಾಗದವರು ನಿಂತೇ ಇರಬಹುದು, ಆದರೆ ಅಂಥವರನ್ನು ಪಕ್ಷ ಮುಂದಿನ ಚುನಾವಣೆಯಲ್ಲಿ ಮನೆಯಲ್ಲಿ ಕೂರಿಸುತ್ತದೆ.

"ಹಿಂದಿನ ಸಾಲಿನ ಸದಸ್ಯರು ಕುಳಿತುಕೊಳ್ಳಬೇಕು" ಎಂದರು ಸಭಾಧ್ಯಕ್ಷರು.

ಸದಸ್ಯರು ನಿಂತೇ ಇದ್ದರು.

"ಮಾನ್ಯ ಸದಸ್ಯರೇ, ಕುಳಿತುಕೊಳ್ಳಿ."

ಸದಸ್ಯರು ಏನೋ ಹೇಳಿದರು. ಮೈಕು ಹಾಕಿರಲಿಲ್ಲ, ಯಾರಿಗೂ ಕೇಳಲಿಲ್ಲ. ಸಭಾಧ್ಯಕ್ಷರು ಸಿಟ್ಟಿನಿಂದ ತಾವೇ ಎದ್ದು ನಿಂತರು. ಸಭಾಧ್ಯಕ್ಷರು ಎದ್ದರೆ ಪ್ರಧಾನಿಯೂ ಕೂರಬೇಕು, ಅದು ಅಲ್ಲಿಯ ಪದ್ಧತಿ. ನಮ್ಮ ಸದಸ್ಯರು ಜಪ್ಪಯ್ಯ ಎಂದರೂ ಕೂರಲಿಲ್ಲ. ಇಡೀ ಸದನ ಕತ್ತು ತಿರುಗಿಸಿ ಹಿಂದಿನ ಸಾಲನ್ನು ನೋಡಿತು. ಅಲ್ಲೊಂದು ಸಾಲಿದೆ ಎಂಬುದು ಹಲವರಿಗೆ ಆಗಲೇ ಗೊತ್ತಾದದ್ದು.

ವಿರೋಧ ಪಕ್ಷದವರಿಗೆ ಇದು ಕೂತಲ್ಲಿಗೇ ಬಂದ ಹಬ್ಬದೂಟ. ಸರ್ಕಾರದ ಕಡೆಯವನೇ ಸರ್ಕಾರಕ್ಕೆ ಎದುರು ನಿಂತಿದ್ದಾನೆ! "ಮಾತಾಡೋಕೆ ಬಿಡಿ! ಮಾತಾಡೋಕೆ ಬಿಡಿ!" ಎಂದು ಮೇಜು ಕುಟ್ಟತೊಡಗಿದರು. ಒಂದೇ ಮತದ ಬಹುಮತ ಎಂಬ ಮಾತು ಮುಂದಿನ ಸಾಲಿನ ಮಂತ್ರಿಗಳಿಗೆ ಒಟ್ಟಿಗೇ ನೆನಪಾಯಿತು. ಆ ಒಂದು ಮತ ಅಲ್ಲಿ ಎದೆ ಸೆಟೆಸಿ ನಿಂತಿತ್ತು.

"ಎರಡು ನಿಮಿಷ ಕೊಟ್ಟಿದ್ದೇನೆ, ಹೇಳಿ ಮುಗಿಸಿ" ಎಂದರು ಸಭಾಧ್ಯಕ್ಷರು. ಮೈಕಿನ ಕೆಂಪು ದೀಪ ಹೊತ್ತಿಕೊಂಡಿತು.

ನಾಲ್ಕು ವರ್ಷದಲ್ಲಿ ಒಂದೇ ಸಲ ಹೊತ್ತಿದ್ದ ದೀಪ ಮತ್ತೆ ಹೊತ್ತಿದರೆ ಯಾರು ತಾನೇ ಕೋಟಿನ ಕಥೆ ಹೇಳುತ್ತಾರೆ? ಸದಸ್ಯರು ಒಳಜೇಬಿಗೆ ಕೈ ಹಾಕಿ, ಅಂಚು ಸವೆದ ಅಕ್ಕನ ಹಾಳೆಯನ್ನು ತೆಗೆದು, ಗಟ್ಟಿಯಾಗಿ ಓದಿದರು. ಹದಿನಾಲ್ಕು ಸಲ ಬೀಳುವ ಗೇಟು. ಆಚೆಗಿರುವ ಆಸ್ಪತ್ರೆ. ಪ್ಯಾಸೆಂಜರ್, ಎಕ್ಸ್‌ಪ್ರೆಸ್, ಗೂಡ್ಸ್. ಆ ಹೆಸರು ಕೇಳಿ ಸದನ ಬಿದ್ದು ಬಿದ್ದು ನಕ್ಕಿತು. "ಗೂಡ್ಸ್ ಹುಟ್ಟಿದಾಗ ಅವನ ಅಮ್ಮ ಮುಕ್ಕಾಲು ಗಂಟೆ ಎಚ್ಚರ ತಪ್ಪಿದ್ದಳು. ಗೇಟು ಏಳಲಿಲ್ಲ" ಎಂದು ಓದಿದಾಗ ನಗು ನಿಂತುಹೋಯಿತು. ಹೆಂಡತಿಯ ಮಾತು ನೆನಪಾದದ್ದು ಹಾಳೆ ಓದಿ ಮುಗಿಸಿದ ಮೇಲೆ. ಅಷ್ಟರಲ್ಲಿ ಎರಡು ನಿಮಿಷ ಮುಗಿದು ಮೈಕು ಆರಿತು.

ರೈಲ್ವೆ ಮಂತ್ರಿಗಳು ಎದ್ದರು. "ಸದಸ್ಯರ ಕಳಕಳಿಯನ್ನು ಗಮನಿಸಲಾಗಿದೆ" ಎಂದು ಹೇಳಿ ಕೂತರು. ಎಂಥ ಅಹವಾಲಿಗೂ ಒಪ್ಪುವ ಉತ್ತರ ಅದು. ಕೇಳಿದವರು ವಂದಿಸಿ ಕೂತುಬಿಡುವುದು ರೂಢಿ.

ನಮ್ಮ ಸದಸ್ಯರು ವಂದಿಸಿದರು. ಕೂರಲಿಲ್ಲ.

ವಿರೋಧ ಪಕ್ಷ ಮೇಜು ಕುಟ್ಟಿತು. ಮಂತ್ರಿಗಳು ಮತ್ತೆ ಎದ್ದು "ಪರಿಶೀಲಿಸಲಾಗುವುದು" ಎಂದರು. ಸದಸ್ಯರು ಸ್ಪ್ರಿಂಗಿನೊಂದಿಗೆ ಸೆಣಸುತ್ತ ಅಡ್ಡಡ್ಡ ತಲೆಯಾಡಿಸಿದರು. "ಶೀಘ್ರದಲ್ಲೇ ಪರಿಶೀಲಿಸಲಾಗುವುದು" ಎಂದರು ಮಂತ್ರಿಗಳು. ಸದಸ್ಯರು ಹಲ್ಲು ಕಚ್ಚಿ ಒಮ್ಮೆ ಬಲವಾಗಿ ಎಳೆದರು, ಮುಖ ಕೆಂಪಗಾಯಿತು. ಆ ಮುಖ ಕಂಡು ಮಂತ್ರಿಗಳು ಬೆವೆತರು. "ತಜ್ಞರ ಸಮಿತಿಯೊಂದನ್ನು..." ಎಂದು ಶುರು ಮಾಡಿ, ಸದಸ್ಯರ ಕಣ್ಣು ನೋಡಿ, "ಸಮಿತಿ ಬೇಡ, ನೇರವಾಗಿ ಎಂಜಿನಿಯರನ್ನೇ ಕಳಿಸುತ್ತೇವೆ" ಎಂದು ತಿದ್ದಿಕೊಂಡರು.

ಸದಸ್ಯರು ಕೈ ಮುಗಿದು, "ಸಾಕು ಸ್ವಾಮಿ, ತುಂಬಾ ಸಂತೋಷ, ಇಷ್ಟೇ ಬೇಕಿತ್ತು" ಎಂದರು. ಮೈಕು ಆರಿತ್ತು. ಕೈ ಮುಗಿದದ್ದು ಮಾತ್ರ ಎಲ್ಲರಿಗೂ ಕಂಡಿತು. ಇನ್ನೂ ನಿಂತೇ ಕೈ ಮುಗಿಯುವುದು ವ್ಯಂಗ್ಯವಲ್ಲದೆ ಇನ್ನೇನು?

ಇದೇ ಹೊತ್ತಿಗೆ ಊರಿನ ಕಟಿಂಗ್ ಶಾಪಿನಲ್ಲಿ ಟಿವಿ ಓಡುತ್ತಿತ್ತು. ಅದರ ದನಿ ಹೋಗಿ ಎರಡು ವರ್ಷವಾಗಿತ್ತು, ಪರದೆಯ ಅಡಿಯಲ್ಲಿ 'ರೈಲ್ವೆ ಗೇಟು' ಎಂಬ ಅಕ್ಷರಗಳು ಮಾತ್ರ ಓಡುತ್ತಿದ್ದವು. ರಿಪೇರಿ ಮಾಡಿಸುವ ಅಗತ್ಯವೇ ಬೀಳದಂತೆ ಶಾಪಿನವನು ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದ. ಮುಖಕ್ಕೆ ಅರ್ಧ ನೊರೆ ಬಳಿಸಿಕೊಂಡಿದ್ದ ಪೋಸ್ಟ್ ಮಾಸ್ಟರು ಕನ್ನಡಿ ಬಿಟ್ಟು ಟಿವಿ ಕಡೆ ತಿರುಗಿದ್ದರು.

"ನೋಡಿ ಸಾರ್, ನಮ್ಮ ಡಬಲ್ ಹೊಲಿಗೆ! 'ಗೇಟು ಎತ್ತೋವರೆಗೂ ನಾನು ಕೂರಲ್ಲ' ಅಂತಿದಾರೆ."

"ಹಾಗಂದ್ರಾ? ನಿಂಗೆ ಹೇಗೆ ಗೊತ್ತು?"

"ಮುಖ ನೋಡಿದ್ರೆ ಗೊತ್ತಾಗಲ್ವಾ? ಅಗೋ, ಮಂತ್ರಿ ಎದ್ದ. 'ಬುದ್ಧಿ, ತಪ್ಪಾಯ್ತು, ಕೂತ್ಕೊಳ್ಳಿ' ಅಂತಿದಾನೆ. ಇವರು ತಲೆ ಅಲ್ಲಾಡಿಸ್ತಾರೆ ನೋಡಿ! 'ಆಗಲ್ಲ ಹೋಗಯ್ಯ!' ಈಗ ಸಭಾಧ್ಯಕ್ಷರು ಬೇಡ್ಕೋತಿದಾರೆ."

ಹತ್ತು ನಿಮಿಷದಲ್ಲಿ ಶಾಪಿನ ಮುಂದೆ ರಸ್ತೆ ತುಂಬ ಜನ. ಗೇಟು ಬಿದ್ದಿತ್ತು, ಹಾಗಾಗಿ ಎರಡೂ ಕಡೆಯ ವಾಹನದವರು ಬಂದು ಸೇರಿದರು. ಎದುರಿನ ಅಂಗಡಿಯಿಂದ ಸದಸ್ಯರ ಹೆಂಡತಿ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಬಂದು ನಿಂತಳು. ಅವಳು ರೆಪ್ಪೆ ಮಿಟುಕಿಸದೆ ನೋಡಿದಳು.

ಸದನದಲ್ಲಿ ಹನ್ನೆರಡಕ್ಕೆ ಐದು ನಿಮಿಷವಿತ್ತು. ಪ್ರಧಾನಿಗಳು ಹಿಂದಕ್ಕೆ ಬಾಗಿ ರೈಲ್ವೆ ಮಂತ್ರಿಗಳ ಕಿವಿಯಲ್ಲಿ ಒಂದು ಮಾತು ಹೇಳಿದರು. ಮಂತ್ರಿಗಳು ಎದ್ದು, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ದೊಡ್ಡ ದನಿಯಲ್ಲಿ ಹೇಳಿದರು: "ಆ ಗೇಟಿನ ಜಾಗದಲ್ಲಿ ಕೆಳಸೇತುವೆ ಕಟ್ಟುತ್ತೇವೆ. ಮುಂದಿನ ವರ್ಷ ಇದೇ ತಿಂಗಳು, ಇದೇ ತಾರೀಖು, ಅದರಲ್ಲಿ ಗಾಡಿ ಓಡುತ್ತದೆ. ಇದು ಸದನಕ್ಕೆ ಕೊಡುವ ಭರವಸೆ."

ಮೇಜು ಕುಟ್ಟುವ ಸದ್ದಿಗೆ ಸೂರು ಹಾರಿಹೋಗುವಂತಾಯಿತು. ಆ ಸದ್ದಿಗೆ ಐದು ಅವಧಿಯ ನಿದ್ದೆಯಿಂದ ಎಚ್ಚೆತ್ತ ಹಿರಿಯ ಸದಸ್ಯರು ಗಾಬರಿಯಾಗಿ, ಎದ್ದು ಕೂರಲು ಕೈಗೆ ಸಿಕ್ಕಿದ್ದನ್ನು ಹಿಡಿದು ಬಲವಾಗಿ ಒತ್ತಿದರು. ಸಿಕ್ಕಿದ್ದು ಪಕ್ಕದ ಕುರ್ಚಿ. ಸ್ಪ್ರಿಂಗು ಬಾಯಿ ಬಿಟ್ಟಿತು, ಕುರ್ಚಿ ಕೆಳಗಿಳಿಯಿತು, ನಮ್ಮ ಸದಸ್ಯರು ಧೊಪ್ಪನೆ ಕೂತರು.

ತಾರೀಖು ಬಂದ ಮರುಗಳಿಗೆಗೆ! ಇಂಥ ಲೆಕ್ಕಾಚಾರದ ಹೋರಾಟವನ್ನು ಸದನ ಕಂಡಿರಲಿಲ್ಲ. ವಿರೋಧ ಪಕ್ಷದ ನಾಯಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಸೂದೆಗೆ ಮತ ಬಿತ್ತು, ಸರ್ಕಾರ ಉಳಿಯಿತು. ಹಿರಿಯರು ಮಾತ್ರ "ಏನ್ರೀ ಗಲಾಟೆ, ಮನುಷ್ಯರು ಮಲಗೋದು ಬೇಡ್ವಾ?" ಎಂದು ಕೇಳಿ ಮತ್ತೆ ಕಣ್ಣು ಮುಚ್ಚಿದರು.

ಸರ್ಕಾರ ಉಳಿದರೂ ಸಿಟ್ಟು ಉಳಿಯದೆ ಇರುತ್ತದೆಯೇ? ಸಂಜೆ ನಾಲ್ಕಕ್ಕೆ ಪಕ್ಷದ ಸಚೇತಕರಿಂದ ಕರೆ ಬಂತು. ಸಚೇತಕರೆಂದರೆ, ಪಕ್ಷದ ಸದಸ್ಯರು ಯಾವಾಗ ಕೈ ಎತ್ತಬೇಕು, ಯಾವಾಗ ಬಾಯಿ ಮುಚ್ಚಬೇಕು ಎಂದು ನೋಡಿಕೊಳ್ಳುವವರು. ಅವರ ಕೋಣೆಯಲ್ಲಿ ಫೈಲಿನ ರಾಶಿ ಬಿಟ್ಟರೆ ಒಂದೇ ಕುರ್ಚಿ, ಅದರಲ್ಲಿ ಅವರೇ ಕೂತಿದ್ದರು.

"ನಿಂತ್ಕೊಳ್ಳಿ. ನಿಮಗೆ ಹೇಗೂ ಅಭ್ಯಾಸ" ಎಂದರು ಸಚೇತಕರು. "ಇಡೀ ದೇಶದ ಎದುರಿಗೆ ಪಕ್ಷದ ಮಾನ ಕಳೆದ್ರಲ್ರೀ! ನಿಮ್ಮನ್ನ ಪಕ್ಷದಿಂದ ಕಿತ್ತು ಹಾಕ್ಬೇಕು ಅಂತ ಎಲ್ಲರೂ ಕೂಗ್ತಿದಾರೆ. ನಾನು ಒಳ್ಳೆಯವನು, ನಿಮಗೊಂದು ದಾರಿ ಮಾಡಿಕೊಡ್ತೀನಿ. ಬೇಕಂತ ನಿಂತಿದ್ದಲ್ಲ ಅಂತ ಬರೆದುಕೊಡಿ."

ಸದಸ್ಯರು ಕಣ್ಣರಳಿಸಿದರು. "ಏನಂತ ಬರೀಲಿ?"

"ಏನೋ ಒಂದು. ಕಾಲು ಜೋಮು ಹಿಡಿದಿತ್ತು, ಸೊಂಟ ಹಿಡಿದಿತ್ತು, ಬಟ್ಟೆ ಸಿಕ್ಕಿಹಾಕಿಕೊಂಡಿತ್ತು, ಏನಾದ್ರೂ ಸುಳ್ಳು ಹೇಳ್ರೀ! ಆಗ ಮಂತ್ರಿಗಳು, ತಪ್ಪು ತಿಳುವಳಿಕೆಯಿಂದ ಕೊಟ್ಟ ಭರವಸೆ ಅಂತ ಸೇತುವೆ ವಾಪಸ್ ತಗೋತಾರೆ. ಮುಂದಿನ ಸಲ ಟಿಕೆಟ್ ನಿಮಗೇ. ನಾಳೆ ಹತ್ತು ಗಂಟೆಗೆ ಕಾಗದ ನನ್ನ ಮೇಜಿನ ಮೇಲಿರಲಿ."

ಸದಸ್ಯರು ಹೊರಗೆ ಬಂದು ಮೊಗಸಾಲೆಯ ಕಂಬಕ್ಕೆ ಒರಗಿದರು. ನಿಜ ಬರೆದರೆ ಟಿಕೆಟ್ ಉಳಿಯುತ್ತದೆ, ಸೇತುವೆ ಹೋಗುತ್ತದೆ. ಸುಳ್ಳು ಬರೆದರೆ ಸೇತುವೆ ಬರುತ್ತದೆ, ಟಿಕೆಟ್ ಹೋಗುತ್ತದೆ. ಟಿಕೆಟ್ ಹೋದರೆ ಊರಿಗೆ ಮರಳಿ ಅಂಗಡಿಯಲ್ಲಿ ಕೂರಬೇಕು, ಗೇಟಿಲ್ಲದ ಮೇಲೆ ಆ ಅಂಗಡಿಗೆ ಬರುವವರು ಯಾರು? ಇಷ್ಟು ದೊಡ್ಡ ಗಂಟು ಅವರ ಮಿಷನ್ನಿನ ದಾರಕ್ಕೂ ಬಿದ್ದಿರಲಿಲ್ಲ.

ಫೋನು ಬಡಿದುಕೊಂಡಿತು. ಹೆಂಡತಿ. ಸದಸ್ಯರು ಕಿವಿಯಿಂದ ಒಂದು ಗೇಣು ದೂರ ಹಿಡಿದೇ "ಹಲೋ" ಎಂದರು.

"ರೀ..." ಎಂದಳು ಅವಳು.

"ನೋಡು, ಗೇಟಿನ ವಿಷಯ ನಾನು ಬೇಕಂತ..."

"ಸುಮ್ನಿರಿ. ನಾನು ನೋಡಿದೆ." ಅವಳು ಮಾತು ಮುಂದುವರಿಸಲು ಬಿಡಲಿಲ್ಲ. "ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ಬಟ್ಟೆ ಅಂಗಡಿಯವನು ಕಡಿಮೆ ಅಳೆದು ಕೊಟ್ರೂ ನೀವು ಕೈ ಮುಗಿದು ಬರ್ತಿದ್ರಿ. ನನ್ನ ತಮ್ಮ ಬೈದ್ರೂ ಕೂತ್ಕೊಂಡು ಕೇಳ್ತಿದ್ರಿ. ಇವತ್ತು ಅಷ್ಟು ದೊಡ್ಡವರೆಲ್ಲ ಕೂತ್ಕೋ ಅಂದ್ರೂ ನೀವು ಕೂರಲಿಲ್ಲ. ಅಂಗಡಿ ಹೋದ್ರೆ ಹೋಗ್ಲಿ ಕಣ್ರೀ. ನಾಲ್ಕು ವರ್ಷ ನಿಮ್ಮ ಬಾಯಿ ಕಟ್ಟಿದ್ದೆನಲ್ಲ, ನಂಗೇ ನಾಚಿಕೆ ಆಯ್ತು."

ಅವಳು ಫೋನು ಇಟ್ಟ ಮೇಲೂ ಸದಸ್ಯರು ಅದನ್ನು ಕಿವಿಗೆ ಹಿಡಿದುಕೊಂಡೇ ಇದ್ದರು. ಇಪ್ಪತ್ತಾರು ವರ್ಷದಲ್ಲಿ ಹೆಂಡತಿ ಅವರನ್ನು ಹೊಗಳಿದ್ದು ಇದೇ ಮೊದಲು. ಅದು ಕುರ್ಚಿಯ ಸ್ಪ್ರಿಂಗಿಗೆ ಸಲ್ಲಬೇಕಾದ ಹೊಗಳಿಕೆ ಎಂದು ಹೇಳುವ ಎದೆ ಯಾರಿಗಿದೆ?

ಮತ್ತೆ ಫೋನು. ಈ ಸಲ ಅಕ್ಕ. ನಾಲ್ಕು ವರ್ಷದ ಮೇಲೆ ಅವಳ ದನಿ.

"ಏನೋ, ಕೋಟು ಸಿಕ್ಕಿಹಾಕಿಕೊಂಡಿತ್ತಾ?"

ಸದಸ್ಯರು ಕಂಬ ಬಿಟ್ಟು ನೆಟ್ಟಗೆ ನಿಂತರು. "ನಿಂಗೆ... ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಅಪ್ಪ ಹೊಲೀತಿದ್ದಾಗ ಟೇಪಿನ ಇನ್ನೊಂದು ತುದಿ ಹಿಡೀತಿದ್ದವಳು ನಾನು. ಎಡಗಡೆ ಭುಜದ ಹೊಲಿಗೆ ಹಾಗೆ ಹಿಂದಕ್ಕೆ ಓಡ್ಬೇಕಾದ್ರೆ ಹಿಂದಿನಿಂದ ಏನೋ ಜಗ್ಗುತ್ತಿರಲೇಬೇಕು. ಊರೆಲ್ಲ ನಿನ್ನ ಎದೆ ನೋಡಿ ಕುಣೀತಿತ್ತು, ನಾನು ಹೊಲಿಗೆ ನೋಡ್ತಿದ್ದೆ."

ಸದಸ್ಯರು ಎಲ್ಲವನ್ನೂ ಹೇಳಿಬಿಟ್ಟರು: ಸಚೇತಕರು, ಟಿಕೆಟ್ಟು, ಹತ್ತು ಗಂಟೆ. ಅಕ್ಕ ಕೇಳಿಸಿಕೊಂಡಳು.

"ಬರೀಬೇಕಾದ್ದು ನೀನು, ನಾನಲ್ಲ" ಎಂದಳು ಕೊನೆಗೆ. "ಒಂದು ಮಾತು ಹೇಳ್ತೀನಿ. ಕಟಿಂಗ್ ಶಾಪಿನವನ ಸೊಸೆ ಇನ್ನೊಂದು ಮಗು ಬೇಕು ಅಂತ ಆಸೆ ಪಡ್ತಿದಾಳೆ. ಗೂಡ್ಸಿನ ಅಮ್ಮ ಅವಳೇ. ಇನ್ನೊಂದು ಸಲ ಗೇಟು ಬಿದ್ರೆ ಅವಳು ಏಳಲ್ಲ ಕಣೋ. ಬಾಗಿಲು ತೆರೆದಿದೆ, ಬಂದಾಗ ಊಟಕ್ಕೆ ಬಾ."

ಮರುದಿನ ಬೆಳಿಗ್ಗೆ ಸದಸ್ಯರು ಕಾಗದ ಬರೆಯಲು ಕೂತರು. ಟೈಲರ್ ಆದವನಿಗೆ ಸುಳ್ಳು ಹೊಸದಲ್ಲ. ಬಟ್ಟೆಗೆ ಕತ್ತರಿಯನ್ನೇ ಹಾಕದೆ "ಗುಂಡಿ ಒಂದೇ ಬಾಕಿ, ನಾಳೆ ಬನ್ನಿ" ಎಂದು ಅವರು ಮೂವತ್ತು ವರ್ಷ ಕಣ್ಣು ಮಿಟುಕಿಸದೆ ಹೇಳಿದ್ದರು. ಆದರೆ ಹೇಳಿದ ತಾರೀಖಿಗೆ ಕೆಲಸ ಮುಗಿಸಿಕೊಡುವ ಸುಳ್ಳನ್ನು ಹೇಳುತ್ತಿದ್ದುದು ಇದೇ ಮೊದಲು. ಎರಡೇ ಸಾಲು:

"ನಾನು ನಿಂತದ್ದು ಬೇಕೆಂದೇ. ತಾರೀಖು ಸಿಗುವವರೆಗೆ ಕೂರಬಾರದೆಂದೇ ನಿಂತಿದ್ದೆ."

ಸಚೇತಕರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದರು. "ನಿಮ್ಮ ತಲೆ ಸರಿಯಿದೆಯಾ? ಒಂದು ಸುಳ್ಳು ಹೇಳೋಕೆ ಇಷ್ಟು ಕಷ್ಟವಾ ನಿಮಗೆ?"

"ಕಷ್ಟ ಆಯ್ತು ಸಾರ್" ಎಂದರು ಸದಸ್ಯರು. "ಆದ್ರೂ ಹೇಳಿದೀನಿ."

ಆ ಮಾತಿನ ಅರ್ಥ ಹುಡುಕುವಷ್ಟು ಪುರಸೊತ್ತು ಸಚೇತಕರಿಗೆ ಇರಲಿಲ್ಲ. ಚುನಾವಣೆ ಬಂದಾಗ ಟಿಕೆಟ್ಟು ಸಚೇತಕರ ಷಡ್ಡಕನಿಗೆ ಹೋಯಿತು.

ಸದನಕ್ಕೆ ಕೊಟ್ಟ ಭರವಸೆ ಕಡತದಲ್ಲಿ ದಾಖಲಾದ ಮೇಲೆ ಅದನ್ನು ನುಂಗುವುದು ಸುಲಭವಲ್ಲ. ಎಂಜಿನಿಯರು ಬಂದ, ಯಂತ್ರ ಬಂತು, ಹಳಿಯ ಕೆಳಗೆ ಗುಂಡಿ ಬಿತ್ತು. ಹೇಳಿದ ತಾರೀಖಿಗೆ ಸರಿಯಾಗಿ ರೈಲ್ವೆ ಮಂತ್ರಿಗಳೇ ಬಂದು ಕೆಳಸೇತುವೆಯ ರಿಬ್ಬನ್ ಕತ್ತರಿಸಿದರು. ಕತ್ತರಿ ಕೊಟ್ಟವರು ನಮ್ಮ ಮಾಜಿ ಸದಸ್ಯರು. ಅಂಗಡಿಯದೇ ಕತ್ತರಿ, ಹೊಸದಾಗಿ ಸಾಣೆ ಹಿಡಿಸಿದ್ದು. ವೇದಿಕೆಯ ಮೇಲೆ ಅವರಿಗೆ ಕುರ್ಚಿ ಹಾಕಿರಲಿಲ್ಲ. ಪಕ್ಕದಲ್ಲಿ ನಿಂತಿದ್ದರು.

ಮಂತ್ರಿಗಳು ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು: "ಒಂದು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಅವತ್ತು ನಾನು ತಾರೀಖು ಕೊಡದೆ ಇದ್ದಿದ್ರೆ ಎಲ್ಲೀವರೆಗೆ ನಿಂತಿರ್ತಿದ್ರಿ?"

"ಪಕ್ಕದವರಿಗೆ ಎಚ್ಚರ ಆಗೋವರೆಗೆ" ಎಂದರು ಇವರು. ಅಪ್ಪಟ ನಿಜ.

ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂದ್ರೆ ಐದು ವರ್ಷ! ಎಂಥ ಗಂಡೆದೆ ರೀ ನಿಮ್ಮದು!" ಎಂದು ಬೆನ್ನು ಚಪ್ಪರಿಸಿದರು. ಮಾಜಿ ಸದಸ್ಯರು ವಿನಯದಿಂದ ತಲೆ ತಗ್ಗಿಸಿದರು. ಇಷ್ಟು ಹೊತ್ತಿಗೆ ತಾವು ಬೇಕೆಂದೇ ನಿಂತದ್ದು ಎಂಬ ವಿಷಯದಲ್ಲಿ ಅವರಿಗೇ ಅರ್ಧಕ್ಕಿಂತ ಹೆಚ್ಚು ನಂಬಿಕೆ ಬಂದಿತ್ತು.

ಗೇಟು ಹೋದ ಮೇಲೆ ಅಂಗಡಿ ಎರಡು ತಿಂಗಳು ಬಿಕೋ ಎಂದಿತು. ಆಮೇಲೆ ಜನ ತಾವಾಗಿಯೇ ಬರತೊಡಗಿದರು, ಸರ್ಕಾರವನ್ನೇ ನಿಲ್ಲಿಸಿ ಕೇಳಿದವರ ಕೈಯಲ್ಲಿ ಒಂದು ಅಂಗಿ ಹೊಲಿಸಬೇಕೆಂದು. ತೊಂದರೆ ಒಂದೇ. ಹಿಂದೆ ಬೆಂಚಿನ ಮೇಲೆ ಕೂತು ಹೋಗುತ್ತಿದ್ದ ಗಿರಾಕಿಗಳು ಈಗ ಕೂರುವುದಿಲ್ಲ. ಬಟ್ಟೆ ಕೊಟ್ಟು, ಎದೆ ಸೆಟೆಸಿ, ಮಿಷನ್ನಿನ ಎದುರಿಗೆ ನಿಂತುಬಿಡುತ್ತಾರೆ.

"ತಾರೀಖು ಹೇಳಿ. ಹೇಳೋವರೆಗೂ ಕೂರಲ್ಲ."

ಡಬಲ್ ಹೊಲಿಗೆಯವರು "ಗುಂಡಿ ಒಂದೇ ಬಾಕಿ" ಎಂದು ಶುರು ಮಾಡಿದರೆ, ಹೆಂಡತಿ ಕಟಿಂಗ್ ಟೇಬಲ್ಲಿನ ಹಿಂದಿನಿಂದ, "ರೀ, ನೀವು ತಾರೀಖು ಕೇಳಿ ಪಡೆದ್ರಲ್ವಾ, ನೀವೂ ಕೊಡಿ" ಎನ್ನುತ್ತಾಳೆ. ಕೊಡಲೇಬೇಕಾಗುತ್ತದೆ.

ಒಂದು ಮಧ್ಯಾಹ್ನ ಮೇಲೆ ಎಕ್ಸ್‌ಪ್ರೆಸ್ ಧಡಧಡ ಓಡುತ್ತಿತ್ತು, ಕೆಳಗೆ ಆಂಬುಲೆನ್ಸು ಬುರ್ರೆಂದು ದಾಟಿ ಹೋಯಿತು. ಅದು ಈಚೆ ಹೊಕ್ಕು ಆಚೆ ಹೊರಬರುವುದನ್ನು ಮಾಜಿ ಸದಸ್ಯರು ಮಿಷನ್ ನಿಲ್ಲಿಸಿ ನೋಡಿದರು. ಹತ್ತು ಎಣಿಸುವುದರೊಳಗೆ ಆಗಿಹೋಯಿತು. ಎದುರಿನ ಕಟಿಂಗ್ ಶಾಪಿನವನು ಅವತ್ತು ಯಾರ ಮಾತನ್ನೂ ಆಡಲಿಲ್ಲ. ಬಾಗಿಲಿನಲ್ಲಿ ಕೈ ಕಟ್ಟಿಕೊಂಡು ಸುಮ್ಮನೆ ನಿಂತಿದ್ದ. ಆಂಬುಲೆನ್ಸಿನಲ್ಲಿದ್ದವಳು ಅವನ ಸೊಸೆ.

ಸಂಜೆ ಅಕ್ಕ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು ಚಪ್ಪಲಿ ಕಳಚಿದಳು.

"ಹೆಣ್ಣು. ಆಸ್ಪತ್ರೇಲಿ, ಮಂಚದ ಮೇಲೆ, ಫ್ಯಾನಿನ ಕೆಳಗೆ. ತಾಯಿ ಎದ್ದು ಕೂತಿದಾಳೆ, ಗಂಜಿ ಕುಡಿದ್ಲು. ಹೇಳ್ಕೊಳ್ಳೋಂಥದ್ದು ಏನೂ ನಡೀಲಿಲ್ಲ ಕಣೋ."

"ಊರಿನವರು ಏನಂತ ಕರೀತಿದಾರೆ?"

"ಅಡ್ಡಹೆಸರೇ ಇಲ್ಲ. ಅಪ್ಪ ಅಮ್ಮ ಇಡೋ ಹೆಸರೇ ಗಟ್ಟಿ." ಅಕ್ಕ ಚೀಲದಿಂದ ಒಂದು ಮೊಳ ಬಿಳಿ ಬಟ್ಟೆ ತೆಗೆದು ಮಿಷನ್ನಿನ ಮೇಲಿಟ್ಟಳು. "ಅದಕ್ಕೊಂದು ಅಂಗಿ ಹೊಲಿ. ಮೆತ್ತಗಿರಲಿ, ಎಳೆ ಮೈ. ಒಂದೇ ಹೊಲಿಗೆ ಸಾಕು."

ಡಬಲ್ ಹೊಲಿಗೆಯವರು ಬಟ್ಟೆಯನ್ನು ಕೈಗೆ ತೆಗೆದುಕೊಂಡು ಸವರಿದರು. ಜೀವಮಾನದಲ್ಲೇ ಮೊದಲ ಸಲ, ಒಂದೇ ಒಂದು ಹೊಲಿಗೆ ಹಾಕಿ ದಾರ ಕತ್ತರಿಸಿ, ಅಕ್ಕ ಚಪ್ಪಲಿ ಮೆಟ್ಟಿ ಏಳುವುದರೊಳಗೆ ಅಂಗಿಯನ್ನು ಅವಳ ಕೈಗಿಟ್ಟರು. ಗುಂಡಿಯನ್ನೂ ಬಾಕಿ ಇಡಲಿಲ್ಲ.